ಬಂದರಿನ ಹಳೇ ಗೋದಾಮು: ಅದರ ಪಾರಂಪರಿಕ ಮಹತ್ವವನ್ನು ಪತ್ತೆಹಚ್ಚಿ ದಾಖಲಿಸುವ ಬಗೆ

ಮಂಗಳೂರಿನ ಬಂದರು ಪ್ರದೇಶದ ಹಳೇ ಗೋದಾಮುಗಳಲ್ಲಿ ಕೆತ್ತನೆಯ ಕಂಬಗಳಿಲ್ಲ, ಶಾಸನಗಳಿಲ್ಲ, ಅರಸರ ಹೆಸರೂ ಇಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು, ಅಗಲವಾದ ಬಾಗಿಲು, ಅಷ್ಟೇ. ಕೆಡವುವ ಮಾತು ಬಂದಾಗ ಯಾರಾದರೂ ಇದನ್ನು ಉಳಿಸಬೇಕು ಎಂದರೆ ಎದುರಾಗುವ ಮೊದಲ ಪ್ರಶ್ನೆ: ‘ಇದರಲ್ಲಿ ಉಳಿಸುವಂಥದ್ದು ಏನಿದೆ?’ ಸುಂದರ, ಅಪೂರ್ವ, ಪುರಾತನ ಎಂಬ ವಿಶೇಷಣಗಳಿಂದ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಗೋದಾಮಿನ ಮಹತ್ವ ಇರುವುದು ಅದು ಮಾಡಿದ ಕೆಲಸದಲ್ಲಿ. ಮಾಲು ಎಲ್ಲಿಂದ ಒಳಬಂತು, ಎಲ್ಲಿ ತೂಕವಾಯಿತು, ಎಲ್ಲಿ ಪೇರಿಸಿಟ್ಟರು, ಯಾವ ಬಾಗಿಲಿನಿಂದ ಹೊರಹೋಯಿತು ಎಂಬುದರ ಗುರುತುಗಳು ಕಟ್ಟಡದ ಮೈಮೇಲೆ ಉಳಿದಿರುತ್ತವೆ. ಅವನ್ನು ಒಂದೊಂದಾಗಿ ಹಿಡಿದು, ಅಳೆದು, ದಾಖಲೆಗೆ ಜೋಡಿಸಿ ಬರೆದರೆ ಮಾತ್ರ ನಿಮ್ಮ ವಾದ ನಿಲ್ಲುತ್ತದೆ. ಅದನ್ನು ಹಂತಹಂತವಾಗಿ ಮಾಡುವುದು ಹೇಗೆ ಎಂಬುದು ಇಲ್ಲಿದೆ. ಉದಾಹರಣೆಗಳು ಮಂಗಳೂರಿನವು, ವಿಧಾನ ಕರಾವಳಿಯ ಬೇರೆ ಬಂದರುಗಳಿಗೂ ಹುಬ್ಬಳ್ಳಿ, ಬೆಂಗಳೂರು ಪೇಟೆಗಳ ಗೋದಾಮುಗಳಿಗೂ ಹೊಂದುತ್ತದೆ.

ಮೊದಲು ಮಾಡಬಾರದ್ದು

ಮಾಲೀಕರು ಒಪ್ಪಿದ ಮರುದಿನವೇ ಗುಡಿಸಿ, ತೊಳೆದು, ಸುಣ್ಣ ಬಳಿದು ‘ಚೆಂದ ಮಾಡಿಟ್ಟು’ ತೋರಿಸುವ ಉತ್ಸಾಹ ಕೆಲವರಿಗೆ ಇರುತ್ತದೆ. ದಯವಿಟ್ಟು ತಡೆಯಿರಿ. ಗೋಡೆಯ ಮೇಲಿನ ಸೀಮೆಸುಣ್ಣದ ಲೆಕ್ಕ, ಮೂಟೆ ಉಜ್ಜಿದ ಹೊಳಪು, ಮೂಲೆಯಲ್ಲಿ ಬಿದ್ದ ತುಕ್ಕು ಹಿಡಿದ ಕೊಂಡಿ, ತೂಕದ ಕಲ್ಲು ಎಲ್ಲವೂ ಸಾಕ್ಷ್ಯ. ಒಮ್ಮೆ ಗುಡಿಸಿದರೆ ಮತ್ತೆ ಬರುವುದಿಲ್ಲ. ಪೂರ್ತಿ ಚಿತ್ರೀಕರಣ ಆಗುವವರೆಗೆ ಒಂದು ಮೊಳೆಯನ್ನೂ ಕೀಳಬೇಡಿ.

ಕಟ್ಟಡವನ್ನು ಎರಡು ಋತುಗಳಲ್ಲಿ ನೋಡಲೇಬೇಕು. ಅಳತೆಗೆ ಜನವರಿ, ಫೆಬ್ರವರಿ ಒಳ್ಳೆಯದು. ಆದರೆ ಜುಲೈಯ ಜಡಿಮಳೆಯಲ್ಲಿ ಒಮ್ಮೆ ಒಳಗೆ ನಿಂತು ನೋಡದಿದ್ದರೆ ನೀರು ಎಲ್ಲಿ ಇಳಿಯುತ್ತದೆ, ನೆಲದಿಂದ ತೇವ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ತಿಳಿಯುವುದೇ ಇಲ್ಲ. ಬೇಸಿಗೆಯಲ್ಲಿ ಮಾತ್ರ ನೋಡಿ ಬರೆದ ಸ್ಥಿತಿ ವರದಿಯನ್ನು ನಂಬಬಾರದು.

ಬೇಕಾಗುವ ಸಾಮಾನು: 30 ಮೀಟರ್ ಟೇಪು, ಲೇಸರ್ ಅಳತೆಗಾರ, ತೂಗುಗುಂಡು, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಎರಡು ಟಾರ್ಚು, ತೆಳು ಬಿಳಿ ಕಾಗದ, ಇದ್ದಿಲು ಕಡ್ಡಿ, ಫೋಟೊದಲ್ಲಿ ಇಡಲು ಸೆಂಟಿಮೀಟರ್ ಪಟ್ಟಿ. ಅಟ್ಟದ ಮೇಲೆ ನಡೆಯುವಾಗ ಹಲಗೆಯ ನಡುವೆ ಕಾಲಿಡದೆ ತೊಲೆಯ ನೇರಕ್ಕೆ ಇಡಿ. ಮೇಲಿನಿಂದ ಗಟ್ಟಿಯಾಗಿ ಕಾಣುವ ಹಲಗೆಯ ಅಡಿಭಾಗವನ್ನು ಗೆದ್ದಲು ಪೂರ್ತಿ ತಿಂದಿರಬಹುದು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವ ಹೆಚ್ಚು, ಅದರ ಧೂಳು ಉಸಿರಿಗೆ ಅಪಾಯ. ಅವನ್ನು ಮುರಿಯಬೇಡಿ, ಕೊರೆಯಬೇಡಿ.

ಹೊರಗಿನಿಂದ ಶುರು

ಗೋದಾಮನ್ನು ಒಂಟಿಯಾಗಿ ನೋಡಿದರೆ ಅದರ ಅರ್ಥ ಅರ್ಧವೂ ಹೊರಡುವುದಿಲ್ಲ. ಮಂಗಳೂರಿನ ಹಳೇ ಬಂದರು ಗುರುಪುರ ನದಿಯ ಮೂಡುದಡದಲ್ಲಿದೆ. ಎದುರಿಗೆ ಬೆಂಗ್ರೆಯ ಮರಳದಿಣ್ಣೆ, ತೆಂಕಲಿಗೆ ನೇತ್ರಾವತಿ ಬಂದು ಸೇರುವ ಅಳಿವೆ. ಹಡಗು ದಡಕ್ಕೆ ಬರುವಷ್ಟು ಆಳ ಇರಲಿಲ್ಲ. ಹಾಗಾಗಿ ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕುತ್ತಿದ್ದವು, ಮಾಲು ದೋಣಿಗಳಲ್ಲಿ ಧಕ್ಕೆಗೆ, ಅಂದರೆ ಸರಕು ಇಳಿಸುವ ಕಟ್ಟೆಗೆ, ಬರುತ್ತಿತ್ತು. ಮಂಜಿ, ಪತ್ತೆಮಾರಿ ಎಂಬ ಹಾಯಿ ನಾವೆಗಳು ಮಾತ್ರ ಒಳಗೇ ಬರುತ್ತಿದ್ದವು. ಇದರ ಪರಿಣಾಮ ಗೋದಾಮಿನ ಯೋಜನೆಯ ಮೇಲೆ ನೇರವಾಗಿ ಬಿದ್ದಿದೆ: ಧಕ್ಕೆಯ ಕಡೆಗೆ ಒಂದು ಮುಖ, ಪೇಟೆಯ ಕಡೆಗೆ ಇನ್ನೊಂದು.

ಕಟ್ಟಡದಿಂದ ಧಕ್ಕೆಗಿರುವ ದೂರವನ್ನು ಹಮಾಲಿಗಳು ನಡೆಯುತ್ತಿದ್ದ ಓಣಿಯ ಉದ್ದಕ್ಕೂ ಅಳೆಯಿರಿ, ನಕ್ಷೆಯ ಮೇಲೆ ನೇರಗೆರೆ ಎಳೆದು ಅಲ್ಲ. ಓಣಿಯ ಅಗಲ, ಮೂಲೆಯ ಗೋಡೆಗೆ ಗಾಡಿ ತಾಗದಂತೆ ನೆಟ್ಟ ಕಲ್ಲು, ಜಗಲಿಯ ಎತ್ತರ ಎಲ್ಲ ಬರೆದುಕೊಳ್ಳಿ. ಜಗಲಿ ಎತ್ತಿನಗಾಡಿಯ ಹಲಗೆಯ ಮಟ್ಟಕ್ಕೆ ಬರುತ್ತದೆಯೇ ಎಂದು ನೋಡಿ. ಬಂದರೆ ಅಲ್ಲಿ ಮಾಲು ಎತ್ತದೆ ಸರಿಸುತ್ತಿದ್ದರು ಎಂದು ಹೇಳಲು ಆಧಾರ ಸಿಕ್ಕಂತೆ.

ಕಾಲದ ಚೌಕಟ್ಟು ಕೂಡ ಇಲ್ಲೇ ಸಿಗುತ್ತದೆ. 1907ರಲ್ಲಿ ರೈಲು ಮಂಗಳೂರಿಗೆ ಬಂತು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು, ದೊಡ್ಡ ವ್ಯಾಪಾರ ಅತ್ತ ಸರಿಯಿತು. ಹಳೇ ಬಂದರಿನಲ್ಲಿ ಮೀನುಗಾರಿಕೆಯೂ ಲಕ್ಷದ್ವೀಪಕ್ಕೆ ಹೋಗುವ ಸರಕಿನ ಸಾಗಣೆಯೂ ಉಳಿದವು. ನಿಮ್ಮ ಗೋದಾಮಿನ ಪ್ರತಿ ಬದಲಾವಣೆಯನ್ನೂ ಈ ವರ್ಷಗಳ ಎದುರು ಇಟ್ಟು ನೋಡಿ. ಧಕ್ಕೆಯ ಕಡೆಯ ಬಾಗಿಲನ್ನು ಕಲ್ಲಿನಿಂದ ಮುಚ್ಚಿ ರಸ್ತೆಯ ಕಡೆಗೆ ಲಾರಿ ಹಿಡಿಸುವ ಷಟರ್ ಇಟ್ಟಿದ್ದರೆ, ಅದು ಕಟ್ಟಡ ಕೆಟ್ಟದ್ದರ ಗುರುತು ಎಂದು ಬರೆಯಬೇಡಿ. ವ್ಯಾಪಾರ ನೀರಿನಿಂದ ನೆಲಕ್ಕೆ ತಿರುಗಿದ್ದರ ಗುರುತು ಅದು.

ಅಳತೆ

ಹಳೇ ಕಟ್ಟಡದ ಯಾವ ಮೂಲೆಯೂ ಲಂಬಕೋನ ಇರುವುದಿಲ್ಲ ಎಂದುಕೊಂಡೇ ಶುರುಮಾಡಿ. ಪ್ರತಿ ಕೋಣೆಯ ನಾಲ್ಕು ಬದಿಯ ಜತೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಗೋಡೆಯುದ್ದಕ್ಕೂ ಬಾಗಿಲು, ಗೂಡು, ಕಂಬ ಇವನ್ನು ಒಂದೇ ಸೊನ್ನೆ ಬಿಂದುವಿನಿಂದ ಓದುತ್ತ ಹೋಗಿ. ತುಂಡುತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ತಪ್ಪೂ ಸೇರಿ 20 ಮೀಟರಿಗೆ ಒಂದು ಗೇಣು ವ್ಯತ್ಯಾಸ ಬರುವುದುಂಟು. ಗೋಡೆಯ ದಪ್ಪವನ್ನು ಬಾಗಿಲ ಬಳಿ ಅಳೆದು ಎರಡೂ ಬದಿಯ ಗಾರೆಯನ್ನು ಕಳೆಯಿರಿ. ನೆಲದ ಮಟ್ಟವನ್ನು ಲೆವೆಲ್ ಪೈಪಿನಿಂದ ರಸ್ತೆಯ ಮಟ್ಟಕ್ಕೆ ಹೋಲಿಸಿ. ರಸ್ತೆಗೆ ಡಾಮರಿನ ಮೇಲೆ ಡಾಮರು, ಕಾಂಕ್ರೀಟು ಬಿದ್ದು ಗೋದಾಮಿನ ನೆಲವೇ ಈಗ ತಗ್ಗಾಗಿರುತ್ತದೆ. ಬಂದರಿನ ಕಟ್ಟಡಗಳಲ್ಲಿ ನೀರು ನುಗ್ಗುವುದಕ್ಕೆ ಬಹಳ ಸಲ ಇದೇ ಕಾರಣ, ಗೋಡೆಯ ದೋಷ ಅಲ್ಲ. ಯೋಜನಾ ನಕ್ಷೆಯನ್ನು 1:100ರಲ್ಲಿ, ಸೀಳುನೋಟವನ್ನು 1:50ರಲ್ಲಿ, ಬಾಗಿಲು, ರಾಟೆಯಂಥ ವಿವರಗಳನ್ನು 1:10ರಲ್ಲಿ ಬಿಡಿಸಿದರೆ ಸಾಕು.

ಗೋಡೆ ಹೇಳುವುದು

ಮುರಕಲ್ಲು ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಹಳೆಯ ಗೋಡೆಗಳಲ್ಲಿ ಕಲ್ಲನ್ನು ಕೈಯಿಂದಲೇ ಕೆತ್ತುತ್ತಿದ್ದರು, ಮೈಮೇಲೆ ಓರೆಯಾದ ಉಳಿ ಗೆರೆಗಳು ಕಾಣುತ್ತವೆ. ಯಂತ್ರದಿಂದ ಕೊಯ್ದ ಕಲ್ಲಿಗೆ ನೇರವಾದ ನುಣುಪು ಅಂಚು. ಒಂದೇ ಗೋಡೆಯಲ್ಲಿ ಎರಡೂ ಇದ್ದರೆ ಅಲ್ಲೊಂದು ದುರಸ್ತಿಯ ಗಡಿ ಇದೆ. ಅದನ್ನು ನಕ್ಷೆಯಲ್ಲಿ ಬಣ್ಣದಿಂದ ತೋರಿಸಿ.

ಸಂದಿನ ಗಾರೆಯನ್ನು ಒಂದು ಚಮಚದಷ್ಟು, ಕಾಣದ ಕಡೆಯಿಂದ ತೆಗೆಯಿರಿ. ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ, ಕೆನೆಬಣ್ಣದ ಗಾರೆ ಸುಣ್ಣದ್ದು. ಭೂತಗನ್ನಡಿಯಲ್ಲಿ ಬಿಳಿಯ ಚೂರುಗಳು ಕಂಡರೆ ಅವು ಸರಿಯಾಗಿ ಬೇಯದ ಸುಣ್ಣದ ಚೂರು, ಕೆಲವೊಮ್ಮೆ ಚಿಪ್ಪಿನದ್ದೇ ಚೂರು. ಅಳಿವೆಯ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ ಕರಾವಳಿಯಲ್ಲಿ ಇದು ಸಹಜ. ಬೂದುಬಣ್ಣದ, ಉಗುರಿಗೆ ಜಗ್ಗದ ಗಾರೆ ಸಿಮೆಂಟು. ಭಾರತದಲ್ಲಿ ಸಿಮೆಂಟ್ ತಯಾರಿಕೆ ನೆಲೆಯೂರಿದ್ದು 20ನೆಯ ಶತಮಾನದಲ್ಲಿ. ಗೋದಾಮುಗಳ ದುರಸ್ತಿಗೆ ಅದು ಹೊಕ್ಕಿದ್ದು ಇನ್ನೂ ತಡವಾಗಿ.

ಇಲ್ಲೇ ಒಂದು ಸೂಕ್ಷ್ಮ ಸಂಗತಿಯನ್ನು ನಿಧಾನವಾಗಿ ನೋಡಬೇಕು. ಗೋಡೆಯ ಬುಡ ಹಿಟ್ಟು ಹಿಟ್ಟಾಗಿ ಉದುರುತ್ತಿದೆ, ಬಿಳಿ ಉಪ್ಪಿನ ಪದರ ಕಟ್ಟಿದೆ ಎಂದಿಟ್ಟುಕೊಳ್ಳಿ. ಇದಕ್ಕೆ ಎರಡು ಮೂಲ ಇರಬಹುದು. ಅಳಿವೆಯ ಪಕ್ಕದ ಉಪ್ಪುನೀರು ನೆಲದಿಂದ ಏರಿದ್ದಾದರೆ ಹಾನಿ ಎಲ್ಲ ಗೋಡೆಗಳಲ್ಲೂ, ಹೊರಗಿನದ್ದು ಒಳಗಿನದ್ದು ಎನ್ನದೆ, ಸುಮಾರು ಒಂದೇ ಎತ್ತರದಲ್ಲಿ ಪಟ್ಟಿಯಾಗಿ ಇರುತ್ತದೆ. ಉಪ್ಪು ಅಥವಾ ಒಣಮೀನು ಪೇರಿಸಿಟ್ಟಿದ್ದರಿಂದ ಬಂದದ್ದಾದರೆ ಒಂದೇ ಕೋಣೆಯಲ್ಲಿ, ಪೇರಿಕೆಯ ಎತ್ತರದವರೆಗೆ ಮಾತ್ರ ಇದ್ದು, ನಡೆದಾಡುವ ಜಾಗದ ಎದುರು ಗೋಡೆ ಗಟ್ಟಿಯಾಗಿಯೇ ಉಳಿದಿರುತ್ತದೆ. ಎರಡನೆಯದು ಸಿಕ್ಕರೆ ಅದು ಹಾನಿಯಷ್ಟೇ ಅಲ್ಲ, ಆ ಕೋಣೆಯಲ್ಲಿ ಏನಿತ್ತು ಎಂಬುದಕ್ಕೆ ಗೋಡೆಯೇ ಕೊಟ್ಟ ಪುರಾವೆ. ಇಂಥ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವ ಹೊರಬರಲಾರದೆ ಇನ್ನೂ ಮೇಲಕ್ಕೆ ಏರಿ, ಪ್ಲಾಸ್ಟರಿನ ಹಿಂದೆ ಉಪ್ಪು ಹರಳುಗಟ್ಟಿ ಕಲ್ಲನ್ನೇ ಒಡೆಯುತ್ತದೆ. ಎರಡು ಮೂರು ಮಳೆಗಾಲದಲ್ಲಿ ಪ್ಲಾಸ್ಟರ್ ಹಾಳೆಹಾಳೆಯಾಗಿ ಕಳಚುವಾಗ ಮುರಕಲ್ಲಿನ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಮತ್ತೆ ಸುಣ್ಣದ ಗಾರೆಯನ್ನೇ ಹಾಕಬೇಕೆಂದು ವರದಿಯಲ್ಲಿ ಕಾರಣಸಮೇತ ಬರೆಯಿರಿ.

ಸುಣ್ಣದ ಬಳಿತಗಳನ್ನು ಎಣಿಸಿ ಕಟ್ಟಡದ ವಯಸ್ಸು ಹೇಳುವವರಿದ್ದಾರೆ. ಅದು ನಿಲ್ಲುವುದಿಲ್ಲ. ಕೆಲವರು ವರ್ಷವರ್ಷ ಬಳಿದರು, ಕೆಲವರು ಹತ್ತು ವರ್ಷ ಬಿಟ್ಟರು. ಪದರಗಳಿಂದ ತಿಳಿಯುವುದು ಕ್ರಮ ಮಾತ್ರ: ನೀಲಿ ಮೊದಲೋ ಹಳದಿ ಮೊದಲೋ, ಈ ಅಡ್ಡಗೋಡೆ ಬಂದದ್ದು ಎಷ್ಟನೆಯ ಬಳಿತದ ನಂತರ ಎಂಬುದು.

ಹಂಚಿನ ಮೇಲಿನ ವರ್ಷ

ಅತಿ ಹೆಚ್ಚು ತಪ್ಪು ಆಗುವುದು ಮಾಡಿನಲ್ಲಿ. ಒಂದು ಹಂಚು ಇಳಿಸಿ ತಿರುಗಿಸಿದರೆ ‘ಬಾಸೆಲ್ ಮಿಷನ್’ ಎಂಬ ಅಚ್ಚು, ಪಕ್ಕದಲ್ಲಿ 1865. ಕೂಡಲೇ ‘ಕಟ್ಟಡ 1865ರದ್ದು’ ಎಂದು ವರದಿಯಾಗುತ್ತದೆ. 1865 ಎಂಬುದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆಯ ಗಿಯೋರ್ಗ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಆ ಹಂಚು ಸುಟ್ಟ ವರ್ಷ ಅಲ್ಲ. ಆಲ್ಬುಕರ್ಕ್ ಕಂಪನಿಯ ಹಂಚಿನ ಮೇಲಿನ 1868 ಕೂಡ ಹಾಗೆಯೇ. ವ್ಯಾಪಾರದ ಗುರುತಾಗಿ ಆ ವರ್ಷಗಳನ್ನು ದಶಕಗಟ್ಟಲೆ ಅಚ್ಚೊತ್ತುತ್ತಿದ್ದರು. ಅಂದರೆ ಅಚ್ಚಿನ ವರ್ಷ ಹೇಳುವುದು ‘ಇದಕ್ಕಿಂತ ಮೊದಲಿನದಲ್ಲ’ ಎಂಬಷ್ಟನ್ನೇ. ಹೆಚ್ಚು ಉಪಯೋಗಕ್ಕೆ ಬರುವುದು ಕಂಪನಿಯ ಹೆಸರು: ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು, ಆ ಹೆಸರಿನ ಹಂಚು 1919ರ ನಂತರದ್ದು.

ಇನ್ನೊಂದು ತೊಡಕು: ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ವಾಡಿಕೆ. ಒಡೆದದ್ದನ್ನು ತೆಗೆದು ಬೇರೆ ಕಟ್ಟಡದಿಂದ ತಂದ ಹಳೆಯದನ್ನು ಸೇರಿಸುತ್ತಾರೆ. ಹಾಗಾಗಿ ಒಂದು ಹಂಚು ನೋಡಿ ತೀರ್ಮಾನ ಬೇಡ. ಮಾಡಿನ ಪ್ರತಿ ಇಳಿಜಾರಿನಿಂದ ಮೇಲೆ, ನಡು, ಸೂರು ಎಂದು ಹಂಚಿಕೊಂಡು ಕನಿಷ್ಠ 20 ಹಂಚು ತಿರುಗಿಸಿ, ಯಾವ ಅಚ್ಚು ಎಷ್ಟು ಎಂದು ಪಟ್ಟಿ ಮಾಡಿ. ಅಚ್ಚನ್ನು ತಂತಿಯ ಬ್ರಷ್ಷಿನಿಂದ ಉಜ್ಜಬಾರದು. ಒಣ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ತೆಳು ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿದರೂ ಅಕ್ಷರ ಸ್ಪಷ್ಟವಾಗಿ ಏಳುತ್ತದೆ. ಬೇರೆ ಕಟ್ಟಡದಿಂದ ಬಂದದ್ದು ಕಡಿಮೆ ಎಂದು ತೋರುವುದು ಮೂಲೆಹಂಚು, ಕೋಡುಹಂಚುಗಳಲ್ಲಿ. ಅವನ್ನು ಮೊದಲು ನೋಡಿ.

ಮಾಡಿನ ಲೆಕ್ಕವೂ ವರದಿಯಲ್ಲಿರಲಿ, ದುರಸ್ತಿಗೆ ಅದು ಬೇಕೇ ಬೇಕು. ಮಂಗಳೂರು ಹಂಚಿನ ಒಂದು ಸಾಮಾನ್ಯ ಅಳತೆ 410 ಗುಣಿಸು 235 ಮಿಲಿಮೀಟರ್. ಚದರ ಮೀಟರಿಗೆ ಸುಮಾರು 15 ಹಂಚು. ಸೂರು ಸೇರಿ 10 ಗುಣಿಸು 20 ಮೀಟರಿನ ಜಾಗವನ್ನು 30 ಡಿಗ್ರಿ ಇಳಿಜಾರಿನ ಮಾಡು ಮುಚ್ಚಿದರೆ ಇಳಿಜಾರಿನ ವಿಸ್ತೀರ್ಣ 231 ಚದರ ಮೀಟರ್, ಹಂಚು ಸುಮಾರು 3,470. ಒಂದಕ್ಕೆ 2.5 ಕಿಲೊ ಹಿಡಿದರೆ ಒಣಗಿದಾಗಲೇ 8.7 ಟನ್ನು, ಮಳೆಯಲ್ಲಿ ನೀರು ಕುಡಿದು ಇನ್ನೂ ಏರುತ್ತದೆ. ಹಂಚನ್ನು ಹೊರುವ ಓರೆ ಮರಗಳಾದ ಪಕ್ಕಾಸುಗಳನ್ನು ಈ ಭಾರಕ್ಕೆಂದೇ ಇಟ್ಟದ್ದು. ಹಂಚು ತೆಗೆದು ತಗಡು ಹಾಕಿದರೆ ಭಾರ ಹಗುರಾಯಿತು ಎಂದು ಸಮಾಧಾನಪಡುವಂತಿಲ್ಲ, ಗಾಳಿ ಇಡೀ ಮಾಡನ್ನು ಮೇಲೆತ್ತಬಹುದು, ಒಳಗಿನ ಸೆಕೆಯೂ ಹೆಚ್ಚುತ್ತದೆ. ಹಂಚಿನ ಸಂದುಗಳ ಮೂಲಕ ಬಿಸಿಗಾಳಿ ಹೊರಹೋಗುತ್ತದೆ ಎಂಬ ಕಾರಣಕ್ಕೇ ಅಡಿಕೆ, ಕಾಳುಮೆಣಸಿನಂಥ ಸರಕಿಗೆ ಈ ಮಾಡು ಒಗ್ಗಿತ್ತು.

ಕಬ್ಬಿಣ, ಮರ, ನೆಲ

ಉಪ್ಪರಿಗೆಯ ಅಡಿಯಲ್ಲಿ ಕಬ್ಬಿಣದ ತೊಲೆ ಇದ್ದರೆ ಅದರ ನಡುಪಟ್ಟಿಯ ಮೇಲೆ ತಯಾರಕರ ಹೆಸರು ಉಬ್ಬಾಗಿ ಇರುವುದುಂಟು. ಡಾರ್ಮನ್ ಲಾಂಗ್ ಎಂದಿದ್ದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ಟಾಟಾ ಎಂದಿದ್ದರೆ ಜಮ್‌ಶೆಡ್‌ಪುರದಲ್ಲಿ ಉಕ್ಕು ತಯಾರಿಕೆ ಶುರುವಾದ 1912ರ ಹಿಂದಿನದಂತೂ ಅಲ್ಲ. ಬಣ್ಣದ ದಪ್ಪ ಪದರದ ಅಡಿಯಲ್ಲಿದ್ದರೆ ಕೆರೆಯಬೇಡಿ, ಓರೆ ಬೆಳಕಿಗೆ ಅಕ್ಷರ ಕಾಣುತ್ತದೆ.

ಮರದ ತೊಲೆಗಳ ಅಗಲ, ಎತ್ತರ, ನಡುವಿನ ಅಂತರ ಬರೆಯಿರಿ. ದಪ್ಪ ತೊಲೆಗಳು ಒತ್ತೊತ್ತಾಗಿದ್ದರೆ ಮೇಲೆ ಭಾರದ ಮಾಲು, ಸಣ್ಣ ತೊಲೆಗಳು ದೂರದೂರ ಇದ್ದರೆ ಗುಮಾಸ್ತರ ಕೋಣೆಯೋ ಹಗುರ ಸರಕೋ. ತೊಲೆಯಲ್ಲಿ ಅರ್ಥವಿಲ್ಲದ ಖಾಲಿ ಕಚ್ಚುಗಳು ಕಂಡರೆ ಮರ ಇನ್ನೊಂದು ಕಟ್ಟಡದಲ್ಲಿ ದುಡಿದು ಬಂದದ್ದು. ಉಪ್ಪರಿಗೆಯ ಹಲಗೆಯಲ್ಲಿ ಚೌಕಾಕಾರದ ಮುಚ್ಚಳ, ಅದರ ನೇರ ಮೇಲೆ ಕೊಂಡಿ ಅಥವಾ ರಾಟೆ, ಕೊಂಡಿಯ ಒಳಬದಿಯಲ್ಲಿ ಹಗ್ಗದ ಸವೆತ, ಕೆಳಗೆ ನೆಲದಲ್ಲಿ ಬೇರೆ ಕಲ್ಲು: ಈ ನಾಲ್ಕೂ ಒಂದೇ ತೂಗುಗುಂಡಿನ ಗೆರೆಗೆ ಬಂದರೆ ಮಾಲು ಏರಿಸುವ ಜಾಗ ಪೂರ್ತಿಯಾಗಿ ಸಿಕ್ಕಿತು. ಇಡೀ ಕಟ್ಟಡದಲ್ಲಿ ಅತ್ಯಂತ ಮಹತ್ವದ ಭಾಗ ಇದೇ ಇರಬಹುದು. ದುರಸ್ತಿ ಮಾಡುವವರು ಮೊದಲು ಮುಚ್ಚುವುದೂ ಇದನ್ನೇ.

ಅಕ್ಕಿ ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಗಂಟು) ಇಡುತ್ತಿದ್ದ ಗೋದಾಮುಗಳಲ್ಲಿ ನೆಲದಿಂದ ಎತ್ತರಿಸಿದ ಮರದ ಹಾಸು ಇತ್ತು. ಹಾಸು ಹೋಗಿದ್ದರೂ ಗೋಡೆಯಲ್ಲಿ ಒಂದೇ ಎತ್ತರದ ಗೂಡುಗಳ ಸಾಲು ಉಳಿಯುತ್ತದೆ. 14 ಸೇರಿಗೆ ಒಂದು ಕಳಸಿಗೆ, 3 ಕಳಸಿಗೆಗೆ ಒಂದು ಮುಡಿ ಎಂಬ ಹಳೇ ಅಳತೆ ತಿಳಿದಿದ್ದರೆ ಗೋಡೆಯ ಮೇಲಿನ ಗೀಟುಗಳ ಲೆಕ್ಕವನ್ನೂ ಓದಬಹುದು.

ದಾಖಲೆ ಎಲ್ಲಿ ಸಿಗುತ್ತದೆ

ರಾಜ್ಯದ ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ ಆನ್‌ಲೈನಿನಲ್ಲಿ ಋಣಭಾರ ಪತ್ರ (ಇ.ಸಿ.) ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದಕ್ಕೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೈಬರಹದ ಪುಸ್ತಕ ಹುಡುಕಿಸಬೇಕು. ಹುಡುಕುವಾಗ ಸರ್ವೆ ನಂಬರ್ ತೊಡಕು ಬರುತ್ತದೆ: ಒಂದೇ ಜಾಗಕ್ಕೆ ಮರುಸರ್ವೆಯ ಆರ್.ಎಸ್. ನಂಬರೂ ನಗರ ಸರ್ವೆಯ ಟಿ.ಎಸ್. ನಂಬರೂ ಇರುತ್ತವೆ. ಎರಡನ್ನೂ ಬರೆದುಕೊಡಿ. ಹಳೇ ಪತ್ರಗಳಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಇದ್ದರೆ 590 ಕೂಡಿಸಿ. ಫಸಲಿ 1300 ಎಂದರೆ 1890ರ ಜುಲೈಯಿಂದ ಮುಂದಿನ ಜೂನ್‌ವರೆಗೆ.

ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ. ನಿಮ್ಮ ಗೋದಾಮಿನ ಪತ್ರವೇ ಸಿಗದಿದ್ದರೂ ನೆರೆಯ ಕಟ್ಟಡದ ಪತ್ರದಲ್ಲಿ ‘ಪಡುವಲು ಇಂಥವರ ಹಂಚಿನ ಮಳಿಗೆ’ ಎಂದು ಬರೆದಿದ್ದರೆ ಆ ತಾರೀಕಿಗೆ ನಿಮ್ಮ ಕಟ್ಟಡ ನಿಂತಿತ್ತು ಎಂದಾಯಿತು. ನಾಲ್ಕೂ ಕಡೆಯ ನೆರೆಯವರ ಪತ್ರ ಕೇಳಿ. ಮೂಲಗೇಣಿಯ (ಶಾಶ್ವತ ಗೇಣಿಯ) ಜಾಗವಾದರೆ ನೆಲ ಒಬ್ಬರದ್ದು, ಕಟ್ಟಡ ಇನ್ನೊಬ್ಬರದ್ದು ಇರಬಹುದು, ಇಬ್ಬರ ಕಡೆಯ ಕಾಗದವೂ ಬೇಕು.

ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು ಎಂಬುದನ್ನು ಮರೆತು ಬೆಂಗಳೂರಿನಲ್ಲೇ ಹುಡುಕಿ ಕೈಚೆಲ್ಲುವವರು ಬಹಳ. ಬಂದರು, ಸುಂಕ, ಕಂದಾಯದ ಹಳೇ ಕಡತಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ಕೇಳಬೇಕು. ಹಳೇ ಫೋಟೊಗಳಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪತ್ರಾಗಾರದ ಆನ್‌ಲೈನ್ ಸಂಗ್ರಹ ಒಳ್ಳೆಯದು. ಮಂಗಳೂರು ಪುರಸಭೆ ಶುರುವಾದದ್ದು 1866ರಲ್ಲಿ. ಅದರ ಕಟ್ಟಡ ತೆರಿಗೆಯ ರಿಜಿಸ್ಟರ್ ಸಿಕ್ಕರೆ ತೆರಿಗೆ ಥಟ್ಟನೆ ಏರಿದ ವರ್ಷವನ್ನು ಗುರುತಿಸಿ. ಉಪ್ಪರಿಗೆ ಕಟ್ಟಿದ್ದು ಆಗ ಇರಬಹುದು.

ಹಮಾಲಿಗಳು, ಗುಮಾಸ್ತರು, ಹಂಚು ಕೈಯಾಡಿಸುವವರು ಹೇಳುವುದನ್ನು ಕಟ್ಟಡದೊಳಗೇ ನಿಂತು ಕೇಳಿ. ‘ಹಿಂದೆ ಹೇಗಿತ್ತು’ ಎಂದರೆ ಉತ್ತರ ಹರಡಿಕೊಳ್ಳುತ್ತದೆ. ‘ಮೂಟೆ ಹೊತ್ತು ಯಾವ ಬಾಗಿಲಿನಿಂದ ಬರುತ್ತಿದ್ದಿರಿ, ಲೆಕ್ಕ ಬರೆಯುವವರು ಎಲ್ಲಿ ಕೂರುತ್ತಿದ್ದರು’ ಎಂದು ಕೇಳಿದರೆ ಅವರು ನಡೆದು ತೋರಿಸುತ್ತಾರೆ. ಅನುಮತಿ ಪಡೆದು ಧ್ವನಿ ಮುದ್ರಿಸಿ.

ಬರೆಯುವುದು

ಮಹತ್ವದ ಹೇಳಿಕೆ, ಅಂದರೆ ಕಟ್ಟಡವನ್ನು ಏಕೆ ಉಳಿಸಬೇಕು ಎಂದು ಹೇಳುವ ಬರಹ, ಒಂದು ಪುಟ ಮೀರಬಾರದು. ಪಾರಂಪರಿಕ ತಾಣಗಳ ಸಂರಕ್ಷಣೆಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಬುರ್ರಾ ಸನ್ನದು, 1979ರಲ್ಲಿ ಆಸ್ಟ್ರೇಲಿಯದಲ್ಲಿ ರೂಪುಗೊಂಡದ್ದು, ಸೌಂದರ್ಯ, ಇತಿಹಾಸ, ವಿಜ್ಞಾನ, ಸಮಾಜ, ಅಧ್ಯಾತ್ಮ ಎಂಬ ಮೌಲ್ಯಗಳನ್ನು ಹೇಳುತ್ತದೆ. ಐದನ್ನೂ ತುಂಬಿಸಲೇಬೇಕೆಂದು ಹೊರಟರೆ ಬರಹ ಪೊಳ್ಳಾಗುತ್ತದೆ. ಗೋದಾಮಿಗೆ ಇತಿಹಾಸ, ಕಟ್ಟುವ ತಂತ್ರ, ದುಡಿದ ಜನರ ನೆನಪು ಈ ಮೂರು ಗಟ್ಟಿಯಾಗಿದ್ದರೆ ಧಾರಾಳ. ಪ್ರತಿ ವಾಕ್ಯವೂ ಒಂದು ಅಳತೆಗೋ ಫೋಟೊಕ್ಕೋ ಪತ್ರಕ್ಕೋ ಕಟ್ಟಿಕೊಂಡಿರಲಿ. ಮಾದರಿ ಹೀಗೆ:

‘ಪಡುಬದಿಯ ಅಗಲ ಬಾಗಿಲು, ಅದರ ಹೊಸ್ತಿಲ ಸವೆತ, ಉಪ್ಪರಿಗೆಯ ಮುಚ್ಚಳ ಮತ್ತು ಕೊಂಡಿ, ಮೂಡುಬದಿಯ ಗಾಡಿ ಜಗಲಿ ಸೇರಿ, ದೋಣಿಯಿಂದ ಇಳಿದ ಮಾಲು ಪೇಟೆ ಸೇರುತ್ತಿದ್ದ ದಾರಿಯನ್ನು ಪೂರ್ತಿಯಾಗಿ ತೋರಿಸುತ್ತವೆ. ಹೋಲಿಸಿ ನೋಡಿದ ಗೋದಾಮುಗಳಲ್ಲಿ ಈ ದಾರಿ ತುಂಡಾಗದೆ ಉಳಿದಿರುವುದು ಇಲ್ಲಿ ಮಾತ್ರ.’

ಎರಡನೆಯ ವಾಕ್ಯ ಬರೆಯಬೇಕಾದರೆ ಹೋಲಿಕೆ ನಿಜವಾಗಿ ಆಗಿರಬೇಕು. ಅದೇ ಬಂದರಿನ ಕನಿಷ್ಠ ಐದು ಗೋದಾಮು, ಸಾಧ್ಯವಾದರೆ ಕಲ್ಲಿಕೋಟೆಯ ವಲಿಯಂಗಾಡಿ, ಕೊಚ್ಚಿಯ ಮಟ್ಟಾಂಚೇರಿಯ ಒಂದೆರಡನ್ನೂ ನೋಡಿ. ನಂತರ ಕಟ್ಟಡದ ಭಾಗಗಳನ್ನು ಮೂರು ದರ್ಜೆಗೆ ಹಂಚಿ: ಮುಟ್ಟಬಾರದ್ದು, ಎಚ್ಚರದಿಂದ ಬದಲಿಸಬಹುದಾದದ್ದು, ತೆಗೆದರೆ ಒಳ್ಳೆಯದಾಗುವಂಥದ್ದು. ಈ ಮೂರನೆಯ ಪಟ್ಟಿಯನ್ನು ಧೈರ್ಯದಿಂದ ಬರೆಯಿರಿ. ‘ಎಲ್ಲವೂ ಅಮೂಲ್ಯ’ ಎನ್ನುವ ವರದಿಯಿಂದ ಮಾಲೀಕರಿಗೆ ದಾರಿ ಕಾಣದೆ, ಕೊನೆಗೆ ಎಲ್ಲವೂ ಹೋಗುತ್ತದೆ. ಕೊಚ್ಚಿಯ ಹಳೇ ವ್ಯಾಪಾರಿ ಕಂಪನಿಯ ಕಟ್ಟಡ ಆಸ್ಪಿನ್‌ವಾಲ್ ಹೌಸ್ 2012ರಿಂದ ಬಿಯೆನಾಲೆ ಎಂಬ ಕಲಾಪ್ರದರ್ಶನಕ್ಕೆ ಬಳಕೆಯಾದದ್ದು ಅವರಿಗೆ ತೋರಿಸಬಹುದಾದ ಉದಾಹರಣೆ.

ಪರಂಪರೆಯ ರಕ್ಷಣೆಗೆ ದುಡಿಯುವ ಸರ್ಕಾರೇತರ ಸಂಸ್ಥೆ ಇಂಟ್ಯಾಕ್‌ನ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾನೂನಿನ ರಕ್ಷಣೆ ಬರುವುದಿಲ್ಲ. ಮುಂಬಯಿಯಲ್ಲಿ 1995ರ ಪಾರಂಪರಿಕ ನಿಯಮಾವಳಿಯಿಂದಾಗಿ ಪಾರಂಪರಿಕ ಕಟ್ಟಡಗಳಿಗೆ ಕೊಡುವ ದರ್ಜೆಗಳಿಗೆ ಕಾನೂನಿನ ಬಲವಿದೆ. ನಮ್ಮಲ್ಲಿ ಬಲ ಬರಬೇಕಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರದ ಘೋಷಣೆ ಅಥವಾ ಅದೇ ವರ್ಷದ ರಾಜ್ಯ ಸ್ಮಾರಕ ಕಾಯ್ದೆಯಡಿ ಅಧಿಸೂಚನೆ ಬೇಕು. ಆದ್ದರಿಂದ ವರದಿಯನ್ನು ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಮಹಾನಗರಪಾಲಿಕೆಗೆ, ರಾಜ್ಯದ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೆ ಕೊಟ್ಟು ಮೂರೂ ಕಡೆ ಸ್ವೀಕೃತಿ ಮೊಹರು ಪಡೆಯಿರಿ. ನಾಲ್ಕನೆಯ ಪ್ರತಿ ಮಾಲೀಕರಿಗೆ, ಐದನೆಯದು ಊರಿನ ಕಾಲೇಜು ಗ್ರಂಥಾಲಯಕ್ಕೆ. ಫೋಟೊಗಳ ಕಡತದ ಹೆಸರಿನಲ್ಲಿ ತಾರೀಕು, ಕೋಣೆಯ ಸಂಖ್ಯೆ, ದಿಕ್ಕು ಇರಲಿ, ಮತ್ತು ನಕ್ಷೆಯಲ್ಲಿ ಫೋಟೊ ತೆಗೆದ ಜಾಗಕ್ಕೆ ಬಾಣದ ಗುರುತು ಹಾಕಿ.